ನ್ಯೂವಲ್ ಹೆದ್ದಾರಿಯ ಊರುಗಳಲ್ಲಿ ಕ್ಯಾರವಾನ್ ಪ್ರವಾಸ: ಅವಸರವಿಲ್ಲದೆ ಹೋಗುವುದು ಹೇಗೆ?

ಪ್ರಶ್ನೆ (ದಾರಿಹೋಕ)

ಮೆಲ್ಬರ್ನ್‌ನಲ್ಲಿ ನೆಲೆಸಿರುವ ನಾವಿಬ್ಬರು ಬರುವ ಏಪ್ರಿಲ್ ಕೊನೆಯಲ್ಲಿ ಕ್ಯಾರವಾನ್ (ಕಾರಿನ ಹಿಂದೆ ಎಳೆದೊಯ್ಯುವ ಮನೆಬಂಡಿ) ಬಾಡಿಗೆಗೆ ಪಡೆದು, ವಿಕ್ಟೋರಿಯಾದ ಗಡಿಯಲ್ಲಿರುವ ಟೊಕಮ್ವಾಲ್‌ನಿಂದ ಕ್ವೀನ್ಸ್‌ಲ್ಯಾಂಡ್ ಗಡಿಯ ಗಂಡಿವಿಂಡಿಯವರೆಗೆ, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯವನ್ನು ಹಾದುಹೋಗುವ ನ್ಯೂವಲ್ ಹೆದ್ದಾರಿಯಲ್ಲಿ ಹೋಗಬೇಕೆಂದಿದ್ದೇವೆ. ಒಟ್ಟು ದೂರ ಸುಮಾರು 1,060 ಕಿಲೋಮೀಟರ್. ಎರಡು ಮೂರು ದಿನಗಳಲ್ಲಿ ಮುಗಿಸಬಹುದಾದ ದಾರಿ ಇದೆಂದು ಎಲ್ಲರೂ ಹೇಳುತ್ತಾರೆ, ಆದರೆ ನಮ್ಮ ಬಳಿ ಸಾಕಷ್ಟು ಸಮಯವಿದೆ ಮತ್ತು ದಾರಿಯಲ್ಲಿ ಸಿಗುವ ಸಣ್ಣ ಊರುಗಳನ್ನು ನಿಜವಾಗಿ ನೋಡಬೇಕೆಂಬ ಆಸೆಯಿದೆ. ಎಲ್ಲೆಲ್ಲಿ ತಂಗುವುದು ಒಳ್ಳೆಯದು? ಕಾರಿನ ಹಿಂದೆ ಕ್ಯಾರವಾನ್ ಎಳೆದ ಅನುಭವ ನಮಗಿಲ್ಲ, ಆದ್ದರಿಂದ ಆ ಬಗ್ಗೆಯೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ (ಹೊಳೆಸಾಲು)

ನೀವು ಆರಿಸಿಕೊಂಡ ಕಾಲ ಚೆನ್ನಾಗಿದೆ. ಬೇಸಿಗೆಯಲ್ಲಿ ಆ ಬಯಲಿನ ಉಷ್ಣಾಂಶ 40 ಡಿಗ್ರಿ ದಾಟುವುದುಂಟು. ಜೂನ್, ಜುಲೈ ತಿಂಗಳಲ್ಲಿ ದಾರಿಯಲ್ಲಿ ಸಿಗುವ ಕೂನಬರಬ್ರನ್ ಊರಿನ ಕಡೆಯ ರಾತ್ರಿಗಳು ಸೊನ್ನೆಗಿಂತ ಕೆಳಗಿಳಿಯುತ್ತವೆ. ಶಾಲಾ ರಜೆಯ ದಿನಗಳನ್ನು ಮಾತ್ರ ನೋಡಿಕೊಳ್ಳಿ.

ನಿಧಾನವೆಂಬುದು ವೇಗದಲ್ಲಿಲ್ಲ, ತಂಗುವ ರಾತ್ರಿಗಳಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ದಿನಕ್ಕೊಂದು ಊರಿನಂತೆ ಹೋದರೆ ಬೆಳಿಗ್ಗೆ ಕ್ಯಾರವಾನ್ ಕಟ್ಟುವುದು, ಸಂಜೆ ಬಿಚ್ಚುವುದು ಇವೆರಡೇ ಕೆಲಸವಾಗಿ, ಊರು ಪೆಟ್ರೋಲ್ ಬಂಕಿನಷ್ಟೇ ಕಾಣುತ್ತದೆ. ಕಡಿಮೆ ಊರುಗಳನ್ನು ಆರಿಸಿ, ಪ್ರತಿಯೊಂದರಲ್ಲೂ ಎರಡು ಮೂರು ರಾತ್ರಿ ಉಳಿಯಿರಿ. ದಾರಿಯಲ್ಲಿನ ಪಾರ್ಕ್ಸ್ ಪಟ್ಟಣದಲ್ಲಿ ಉಳಿದರೆ, ಊರಿನಿಂದ ಸುಮಾರು 20 ಕಿಲೋಮೀಟರ್ ಉತ್ತರಕ್ಕಿರುವ, 1961ರಲ್ಲಿ ಆರಂಭವಾದ 64 ಮೀಟರ್ ವ್ಯಾಸದ ರೇಡಿಯೋ ದೂರದರ್ಶಕವನ್ನು ಸಾವಧಾನವಾಗಿ ನೋಡಬಹುದು. 1969ರಲ್ಲಿ ಚಂದ್ರನ ಮೇಲೆ ಮನುಷ್ಯ ನಡೆದ ದೃಶ್ಯಗಳ ಬಹುಭಾಗ ಜಗತ್ತಿಗೆ ತಲುಪಿದ್ದು ಈ ತಟ್ಟೆಯ ಮೂಲಕ. ಅಲ್ಲಿ ಮೊಬೈಲ್ ಆರಿಸಿಡಬೇಕು, ಏಕೆಂದರೆ ಅದರ ಸಂಕೇತ ಆಕಾಶದಿಂದ ಬರುವ ಅತಿ ಕ್ಷೀಣ ಸಂಕೇತಗಳನ್ನು ಮುಳುಗಿಸಿಬಿಡುತ್ತದೆ.

ಕೂನಬರಬ್ರನ್‌ಗೆ ಹೆಚ್ಚು ರಾತ್ರಿಗಳನ್ನು ಮೀಸಲಿಡಿ. ಪಕ್ಕದ ವರಂಬಂಗಲ್ ರಾಷ್ಟ್ರೀಯ ಉದ್ಯಾನಕ್ಕೆ 2016ರಲ್ಲಿ ಆಸ್ಟ್ರೇಲಿಯಾದ ಮೊದಲ 'ಕತ್ತಲ ಆಕಾಶದ ಉದ್ಯಾನ' ಎಂಬ ಮನ್ನಣೆ ದೊರೆತಿದೆ. 2013ರ ಜನವರಿಯ ಕಾಡ್ಗಿಚ್ಚು ಈ ಉದ್ಯಾನದ ಬಹುಭಾಗವನ್ನು ಸುಟ್ಟರೂ, ಅಂಚಿನಲ್ಲಿರುವ ಸೈಡಿಂಗ್ ಸ್ಪ್ರಿಂಗ್ ವೀಕ್ಷಣಾಲಯದ ದೂರದರ್ಶಕಗಳು ಉಳಿದುಕೊಂಡವು. ಅಲ್ಲಿನ 3.9 ಮೀಟರ್ ದೂರದರ್ಶಕದ ಗುಮ್ಮಟವನ್ನೇ ಸೂರ್ಯನೆಂದು ಭಾವಿಸಿ, ಕೂನಬರಬ್ರನ್ ಕಡೆ ಸಾಗುವ ಹಲವು ರಸ್ತೆಗಳ ಬದಿಯಲ್ಲಿ ಗ್ರಹಗಳ ಮಾದರಿಗಳನ್ನು 3.8 ಕೋಟಿಗೆ ಒಂದರ ಪ್ರಮಾಣದಲ್ಲಿ ನಿಲ್ಲಿಸಿದ್ದಾರೆ. ಹೊರಗಿನ ಗ್ರಹಗಳ ನಡುವಿನ ಅಂತರ ಎಷ್ಟು ದೊಡ್ಡದೆಂಬುದು ಕ್ಯಾರವಾನ್ ಎಳೆಯುತ್ತ ಹೋಗುವವರಿಗೆ ಪುಸ್ತಕ ಓದಿದವರಿಗಿಂತ ಚೆನ್ನಾಗಿ ತಿಳಿಯುತ್ತದೆ.

ಉತ್ತರ (ಗಾಲಿ ಮತ್ತು ಕೊಕ್ಕೆ)

ಎಳೆಯುವ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಲ್ಲಿ ಅಜ್ಞಾನ ಜೀವಕ್ಕೇ ಅಪಾಯಕಾರಿ.

ಮೊದಲು ತೂಕ. ಕ್ಯಾರವಾನಿನ ಫಲಕದಲ್ಲಿ ನಮೂದಾದ ಗರಿಷ್ಠ ತೂಕವನ್ನೂ, ನಿಮ್ಮ ಕಾರಿಗೆ ತಯಾರಕರು ನಿಗದಿಪಡಿಸಿದ ಎಳೆಯುವ ಮಿತಿಯನ್ನೂ ಬರೆದಿಟ್ಟುಕೊಳ್ಳಿ. ನೀರು, ಬಟ್ಟೆ, ಆಹಾರ ಎಲ್ಲವನ್ನೂ ತುಂಬಿದ ಮೇಲೆ ಸಾರ್ವಜನಿಕ ವೇ ಬ್ರಿಡ್ಜ್‌ನಲ್ಲಿ (ವಾಹನ ತೂಗುವ ತಕ್ಕಡಿಯಲ್ಲಿ) ತೂಗಿಸಿ. ಒಂದು ಲೀಟರ್ ನೀರೆಂದರೆ ಒಂದು ಕಿಲೋ, ಆದ್ದರಿಂದ ತುಂಬಿದ ಎರಡು ಟ್ಯಾಂಕುಗಳೇ ಲೆಕ್ಕವನ್ನು ಕೆಡಿಸಬಲ್ಲವು. ಕಾರಿನ ಹಿಂಬದಿಯ ಕೊಕ್ಕೆಯ ಗುಂಡಿನ ಮೇಲೆ ಬೀಳುವ ಭಾರ ಒಟ್ಟು ತೂಕದ ಸುಮಾರು ಹತ್ತನೇ ಒಂದು ಭಾಗದಷ್ಟಿರಲಿ. ಭಾರವಾದ ಸಾಮಾನು ಅಚ್ಚಿನ ಮೇಲೆ, ನೆಲಮಟ್ಟದಲ್ಲಿರಬೇಕು. ಹಿಂಭಾಗದಲ್ಲಿ ಭಾರ ತುಂಬಿದರೆ ಕ್ಯಾರವಾನ್ ಅತ್ತಿತ್ತ ಓಲಾಡತೊಡಗುತ್ತದೆ. ಹಾಗೆ ಓಲಾಡಿದಾಗ ಕಾರಿನ ಬ್ರೇಕನ್ನು ತುಳಿಯಬೇಡಿ, ಚುಕ್ಕಾಣಿಯನ್ನು ಎದುರಾಗಿ ತಿರುಗಿಸಲೂ ಬೇಡಿ. ವೇಗವರ್ಧಕದಿಂದ ಕಾಲು ತೆಗೆದು, ಕ್ಯಾರವಾನಿನ ವಿದ್ಯುತ್ ಬ್ರೇಕಿನ ಗುಂಡಿಯನ್ನು (ಅದು ಚಾಲಕನ ಕೈಗೆಟುಕುವಲ್ಲಿರುತ್ತದೆ) ಮಾತ್ರ ಕೈಯಿಂದ ಒತ್ತಿರಿ. ಹಿಂದಿನ ಬಂಡಿ ತಡೆದಾಗ ಎರಡೂ ಒಂದೇ ಗೆರೆಗೆ ಬರುತ್ತವೆ. ಆ ಗುಂಡಿ ಎಲ್ಲಿದೆಯೆಂದು ಹೊರಡುವ ಮೊದಲೇ ಕಣ್ಣು ಮುಚ್ಚಿ ಹುಡುಕುವಷ್ಟು ಅಭ್ಯಾಸ ಮಾಡಿಕೊಳ್ಳಿ.

ನ್ಯೂವಲ್ ಮೂಲತಃ ಸರಕು ಸಾಗಣೆಯ ಹೆದ್ದಾರಿ. ಮೂವತ್ತಾರೂವರೆ ಮೀಟರ್ ಉದ್ದದ ರೋಡ್ ಟ್ರೇನುಗಳು (ಒಂದಕ್ಕಿಂತ ಹೆಚ್ಚು ಟ್ರೇಲರ್ ಎಳೆಯುವ ಲಾರಿಗಳು) ನಿಮ್ಮನ್ನು ದಾಟಿ ಹೋಗುವಾಗ ಗಾಳಿ ಮೊದಲು ಹೊರಕ್ಕೆ ತಳ್ಳಿ ಆಮೇಲೆ ಒಳಕ್ಕೆ ಸೆಳೆಯುತ್ತದೆ. ವಾಹನಗಳ ನಡುವೆ ಮಾತನಾಡುವ ಯುಎಚ್‌ಎಫ್ ರೇಡಿಯೋ ಇದ್ದರೆ 40ನೇ ವಾಹಿನಿಯಲ್ಲಿ ಲಾರಿ ಚಾಲಕರ ಮಾತನ್ನು ಕೇಳಬಹುದು. ಕಾಂಗರೂಗಳು ಮುಂಜಾವಿನಲ್ಲೂ ಮುಸ್ಸಂಜೆಯಲ್ಲೂ ರಸ್ತೆಗಿಳಿಯುತ್ತವೆ, ಆದ್ದರಿಂದ ಬಿಸಿಲೇರಿದ ಮೇಲೆ ಹೊರಟು ಮಧ್ಯಾಹ್ನ ಮೂರು ನಾಲ್ಕರೊಳಗೆ ತಂಗುದಾಣ ಸೇರುವುದು ಕ್ಷೇಮ. ಚಲಿಸುವಾಗ ಕ್ಯಾರವಾನಿನೊಳಗೆ ಯಾರೂ ಕುಳಿತಿರುವಂತಿಲ್ಲ, ಅದು ಕಾನೂನುಬಾಹಿರ.

ಉತ್ತರ (ಅಡ್ಡದಾರಿ)

ಮೇಲಿನ ಎರಡೂ ಸಲಹೆಗಳು ಸರಿ, ಆದರೆ ಇಡೀ ಪ್ರವಾಸವನ್ನು ನ್ಯೂವಲ್ ಮೇಲೆಯೇ ಕಳೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಪಾರ್ಕ್ಸ್‌ಗಿಂತ ಮೊದಲು ಸಿಗುವ ಫೋರ್ಬ್ಸ್ ಊರಿನಲ್ಲಿ ಬಲಕ್ಕೆ ತಿರುಗಿ, ಯುಗೌರ ಮೂಲಕ ಕನೌಂಡ್ರಕ್ಕೆ ಹೋಗಿ. 1950ರ ದಶಕದಲ್ಲಿ ರಸ್ತೆ ಕೆಲಸದ ಬುಲ್ಡೋಜರ್ ಮೇಲೆತ್ತಿದ ಬಂಡೆಯೊಂದರಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಮೀನುಗಳ ಪಳೆಯುಳಿಕೆ ದೊರೆಯಿತು; 1993ರ ಉತ್ಖನನದಲ್ಲಿ ಸಾವಿರಾರು ಸಿಕ್ಕವು. ಸುಮಾರು 36 ಕೋಟಿ ವರ್ಷಗಳ ಹಿಂದಿನ ಆ ಮೀನುಗಳಿಗಾಗಿ ಆ ಸಣ್ಣ ಊರಿನಲ್ಲೊಂದು ವಸ್ತುಸಂಗ್ರಹಾಲಯವಿದೆ. ಅಲ್ಲಿಂದ ಉತ್ತರಕ್ಕೆ ಸಾಗಿದರೆ ಚಿನ್ನದ ಬೇಟೆಯಿಂದ ಹುಟ್ಟಿದ ಗಲ್ಗಾಂಗ್ ಸಿಗುತ್ತದೆ. 1966ರ ಹತ್ತು ಡಾಲರಿನ ನೋಟಿನಲ್ಲಿ ಅಚ್ಚಾಗಿದ್ದ ಊರು ಅದು. ಬೀದಿಗಳು ಕಿರಿದು, ಆದ್ದರಿಂದ ಕ್ಯಾರವಾನನ್ನು ತಂಗುದಾಣದಲ್ಲಿ ಬಿಟ್ಟು ಕಾಲ್ನಡಿಗೆಯಲ್ಲಿ ಸುತ್ತುವುದೇ ಸರಿ. ಆಮೇಲೆ ಡನಿಡೂ ಮೂಲಕ ಕೂನಬರಬ್ರನ್ ತಲುಪಬಹುದು.

ಕೂನಬರಬ್ರನ್ ದಾಟಿ ಉತ್ತರಕ್ಕೆ ನ್ಯೂವಲ್ ಮೇಲೆಯೇ ಸಿಗುವ ಮೊರೀಯಲ್ಲಿ ನೀವು ಬಿಸಿನೀರಿನ ಸ್ನಾನಕ್ಕೆ ಇಳಿಯುತ್ತೀರೆಂದು ಭಾವಿಸುತ್ತೇನೆ. ಕೃಷಿಗೆ ನೀರು ಹುಡುಕುತ್ತ 1895ರಲ್ಲಿ ಕೊರೆದ ಬಾವಿಯಿಂದ ಆ ಬಿಸಿನೀರು ಚಿಮ್ಮಿತ್ತು. ಇಳಿಯುವ ಮೊದಲು ಇನ್ನೊಂದು ವಿಷಯವನ್ನೂ ತಿಳಿದಿರಬೇಕು. ಈ ಊರಿನ ಕೊಳಕ್ಕೆ ಮೂಲನಿವಾಸಿಗಳಿಗೆ ಪ್ರವೇಶವಿರಲಿಲ್ಲ. 1965ರ ಫೆಬ್ರವರಿಯಲ್ಲಿ ಚಾರ್ಲ್ಸ್ ಪರ್ಕಿನ್ಸ್ ನೇತೃತ್ವದಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬಸ್ಸಿನಲ್ಲಿ ಬಂದು, ಮೂಲನಿವಾಸಿ ಮಕ್ಕಳನ್ನು ಕರೆದುಕೊಂಡು ಹೋಗಿ, ಜನರ ಕೋಪವನ್ನು ಎದುರಿಸಿ ಆ ನಿಷೇಧವನ್ನು ಪ್ರಶ್ನಿಸಿದರು. ಊರನ್ನು ನಿಜವಾಗಿ ನೋಡಬೇಕೆಂದು ನೀವು ಬರೆದಿದ್ದೀರಿ. ಇದೂ ಆ ಊರೇ.

ದಾರಿಹೋಕ

ಎಲ್ಲರಿಗೂ ವಂದನೆಗಳು. ಫೋರ್ಬ್ಸ್‌ನಿಂದ ಕೂನಬರಬ್ರನ್‌ವರೆಗೆ ಅಡ್ಡದಾರಿ ಹಿಡಿಯುವುದಾಗಿ ನಿಶ್ಚಯಿಸಿದ್ದೇವೆ. ಆದರೆ ಆಗ ಪಾರ್ಕ್ಸ್‌ನ ದೂರದರ್ಶಕ ತಪ್ಪಿಹೋಗುವುದಲ್ಲವೇ?

ಉತ್ತರ (ಅಡ್ಡದಾರಿ)

ತಪ್ಪುವುದಿಲ್ಲ. ಫೋರ್ಬ್ಸ್‌ನಿಂದ ಪಾರ್ಕ್ಸ್ ಪಟ್ಟಣಕ್ಕೆ 35 ಕಿಲೋಮೀಟರಿಗಿಂತ ಕಡಿಮೆ ದೂರ. ಫೋರ್ಬ್ಸ್‌ನಲ್ಲಿ ಎರಡು ರಾತ್ರಿ ತಂಗಿ, ಕ್ಯಾರವಾನನ್ನು ಅಲ್ಲಿಯೇ ನಿಲ್ಲಿಸಿ, ಬರಿಯ ಕಾರಿನಲ್ಲಿ ಹೋಗಿ ದೂರದರ್ಶಕ ನೋಡಿ ಸಂಜೆಯೊಳಗೆ ಹಿಂತಿರುಗಿ.