ವಾರಕ್ಕೆ ಮೂರು ರಾತ್ರಿ ಮಗಳು ನನ್ನ ಹತ್ತಿರ, ದುಡ್ಡಿನ ಲೆಕ್ಕ ಹೇಗೆ?

ರೆಡಿಂಗ್ ಅಪ್ಪ:
ಇಂಗ್ಲೆಂಡಿಗೆ ಬಂದು ಒಂಬತ್ತು ವರ್ಷ. ನಾನು, ಹೆಂಡತಿ ಬೇರೆಯಾಗಿ ಏಳು ತಿಂಗಳಾಯಿತು. ಮಗಳು ಗುರುವಾರದಿಂದ ಭಾನುವಾರ ಬೆಳಿಗ್ಗೆವರೆಗೆ ನನ್ನ ಫ್ಲ್ಯಾಟಿನಲ್ಲಿ. ಅವಳಿಗಾಗಿಯೇ ಎರಡನೇ ಬೆಡ್‌ರೂಮಿನ ಬಾಡಿಗೆ, ಇನ್ನೊಂದು ಜೊತೆ ಯೂನಿಫಾರ್ಮ್. ಆದರೂ ಮಗುವಿಗೆಂದು ಸರ್ಕಾರ ಕೊಡುವ ಚೈಲ್ಡ್ ಬೆನಿಫಿಟ್ ಪೂರ್ತಿ ಅವಳ ಅಮ್ಮನಿಗೆ. ಅರ್ಧ ಕೇಳಬಹುದಾ?

ಲೆಕ್ಕದ ಮಾವ:
ಆಗುವುದಿಲ್ಲ. ಒಂದು ಮಗುವಿಗೆ ಒಬ್ಬರೇ. ಇಬ್ಬರು ಮಕ್ಕಳಿದ್ದರೆ ತಲಾ ಒಂದು ಮಗುವಿಗೆ ಅರ್ಜಿ ಹಾಕಬಹುದಿತ್ತು. ನಿಮಗೆ ಉಳಿಯುವುದು ಮೇಂಟೆನೆನ್ಸ್‌ನಲ್ಲಿ, ಅಂದರೆ ಮಗಳ ಖರ್ಚಿಗೆ ನೀವು ಅವಳ ಅಮ್ಮನಿಗೆ ಕೊಡಬೇಕಾದ ದುಡ್ಡಿನಲ್ಲಿ. ಅದನ್ನು ಲೆಕ್ಕ ಹಾಕುವ ಸರ್ಕಾರಿ ಚೈಲ್ಡ್ ಮೇಂಟೆನೆನ್ಸ್ ಸರ್ವಿಸ್‌ನವರು ವರ್ಷದಲ್ಲಿ ಮಗಳು ನಿಮ್ಮ ಹತ್ತಿರ ಇರುವ ರಾತ್ರಿಗಳನ್ನು ಎಣಿಸುತ್ತಾರೆ. 52 ಆದರೆ ಏಳರಲ್ಲಿ ಒಂದು ಪಾಲು ಕಡಿತ, 104ಕ್ಕೆ ಎರಡು, 156ಕ್ಕೆ ಮೂರು. ನಿಮ್ಮದು ಸರಿಯಾಗಿ 156, ಅಲ್ವಾ! ಒಂದೇ ರಾತ್ರಿ ತಪ್ಪಿದರೂ ಎರಡು ಪಾಲಿಗೆ ಇಳಿಯುತ್ತದೆ. ಸುಮ್ನೆ ನೆನಪಿನ ಮೇಲೆ ಬಿಡಬೇಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಮಂಡ್ಯದ ಅಕ್ಕ:
ವೀಸಾದಲ್ಲಿ ‘ನೋ ಪಬ್ಲಿಕ್ ಫಂಡ್ಸ್’ (ಸರ್ಕಾರದ ನೆರವಿನ ದುಡ್ಡು ಪಡೆಯುವಂತಿಲ್ಲ) ಎಂದಿದ್ದರೆ ಚೈಲ್ಡ್ ಬೆನಿಫಿಟ್ ತಂಟೆಗೇ ಹೋಗಬೇಡಿ. ಮೇಂಟೆನೆನ್ಸ್ ಬೇರೆ, ಅದು ಸರ್ಕಾರದ ದುಡ್ಡಲ್ಲ.

ರೆಡಿಂಗ್ ಅಪ್ಪ:
ಐಎಲ್‌ಆರ್, ಅಂದರೆ ಇಲ್ಲೇ ಕಾಯಂ ಇರಲು ಅನುಮತಿ, ಸಿಕ್ಕಿದೆ ಅಕ್ಕ. ಆದರೆ ಕ್ರಿಸ್‌ಮಸ್‌ಗೆ ಹಾಸನಕ್ಕೆ ಒಬ್ಬನದೇ ಟಿಕೆಟ್ ತೆಗೆದಿದ್ದೇನೆ, ಎರಡು ವಾರ. ಆರು ರಾತ್ರಿ ಹೋಯಿತು. ಬೇಸಿಗೆ ರಜೆಯಲ್ಲಿ ಜಾಸ್ತಿ ದಿನ ಕಳಿಸು ಎಂದು ಅವಳ ಅಮ್ಮನನ್ನು ಇವತ್ತೇ ಕೇಳುತ್ತೇನೆ.