ಪುಟ್ಟಿ, ಮೊದಲು ಮಗನನ್ನು ಕೇಳು

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಸಂಜೆ ದೇವಸ್ಥಾನಕ್ಕೆ ಹೋಗಿದ್ದೆ, ಫೋನ್ ಮನೆಯಲ್ಲೇ ಇತ್ತು. ಟೈಪ್ ಮಾಡೋಕೆ ಕಣ್ಣು ಸಾಲದು, ಅದಕ್ಕೆ ಮೈಕ್ ಒತ್ತಿ ಮಾತಾಡುತ್ತಿದ್ದೇನೆ, ಅದೇ ಬರೆದುಕೊಳ್ಳುತ್ತೆ. ಉದ್ದ ಆದರೆ ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಹಾಸ್ಟೆಲಿನಿಂದ ಬಂದ ಮಗ ಸ್ನಾನಕ್ಕೆ ಹೋದಾಗ ಅವನ ಫೋನ್ ನೋಡಿದೆ, ಸ್ನೇಹಿತ ‘ಬ್ರೋ, ದಟ್ ವಾಸ್ ಡೋಪ್’ ಅಂತ ಹಾಕಿದ್ದಾನೆ, ಇವನು ‘ಸೋ ಡೋಪ್’ ಅಂದಿದ್ದಾನೆ, ಡಿಕ್ಷನರಿಯಲ್ಲಿ ನೋಡಿದರೆ ಮಾದಕ ವಸ್ತು ಅಂತ ಇದೆ, ಏನು ಮಾಡಲಿ ದೊಡ್ಡಪ್ಪ ಅಂತ ಕೇಳಿದ್ದೀಯ. ಅವರಪ್ಪನಿಗೆ ಹೇಳಿ ಬ್ಯಾಗ್ ಜಾಲಾಡಿಸುತ್ತೇನೆ ಅಂತಲೂ ಬರೆದಿದ್ದೀಯ. ಬೇಡಮ್ಮ. ಡಿಕ್ಷನರಿಯ ಒಂದು ಸಾಲು ನೋಡಿಕೊಂಡು ಹುಡುಗನ ಮೇಲೆ ತೀರ್ಪು ಕೊಡಬೇಡ. ಮೊದಲು ಅವನನ್ನು ಕೇಳು. ಇದೇ ಪದ ನನ್ನ ಬಾಳಿನ ಎಂಟು ತಿಂಗಳು ನುಂಗಿದೆ, ಅದಕ್ಕೇ ಹೇಳುತ್ತಿದ್ದೇನೆ.

ನಾನು ಪುಷ್ಪಕ ವಿಮಾನದ ಶೆಡ್‌ನಲ್ಲಿ ಇದ್ದದ್ದು ನಿಮಗೆಲ್ಲ ಗೊತ್ತಲ್ಲ. 1974ನೇ ಇಸವಿ. ಎಚ್‌ಎಎಲ್ ಕಟ್ಟಿದ ಎರಡು ಸೀಟಿನ ಸಣ್ಣ ವಿಮಾನ ಅದು, 1958ರಲ್ಲಿ ಮೊದಲ ಸಲ ಹಾರಿದ್ದು. ಹಾರೋದು ಕಲಿಸುವ ಕಡೆಯೆಲ್ಲ ಆಗ ಅದೇ ಇತ್ತು. ಅದರ ರೆಕ್ಕೆ ಮೇಲೆ ತಗಡು ಇರಲಿಲ್ಲ, ಬಟ್ಟೆ. ಬಟ್ಟೆ ಬಿಗಿದು ಹೊಲಿದು ಅದರ ಮೇಲೆ ಒಂದು ದ್ರವ ಬಳಿಯುತ್ತಿದ್ದೆವು. ಅದರ ಹೆಸರೇ ಡೋಪ್! ಒಂದು ಕೋಟ್ ಒಣಗಿದ ಮೇಲೆ ಇನ್ನೊಂದು. ಒಣಗುತ್ತಾ ಬಟ್ಟೆ ತಾನೇ ಕುಗ್ಗಿ ಬಿಗಿಯಾಗುತ್ತೆ. ಬೆರಳಲ್ಲಿ ತಟ್ಟಿದರೆ ತಮಟೆ ಹಾಗೆ ‘ಟಣ್’ ಅನ್ನಬೇಕು, ಆಗ ನಮ್ಮ ಮೇಸ್ತ್ರಿ ತಲೆ ಆಡಿಸುತ್ತಿದ್ದರು. ಬಿಸಿಲು ಬಟ್ಟೆಯನ್ನು ತಿನ್ನಬಾರದು ಅಂತ ಅಲ್ಯುಮಿನಿಯಂ ಪುಡಿ ಕಲಸಿದ ಬೆಳ್ಳಿ ಬಣ್ಣದ ಡೋಪ್ ಹಚ್ಚುತ್ತಿದ್ದೆವು, ಆಮೇಲೆ ಬಣ್ಣ. ಬೇಗ ಬೆಂಕಿ ಹತ್ತುವ ಪದಾರ್ಥ ಅದು, ಶೆಡ್ ಹತ್ರ ಬೀಡಿ ಹಚ್ಚುವ ಹಾಗಿರಲಿಲ್ಲ. ವಾಸನೆಯಂತೂ ಉಗುರಿನ ಬಣ್ಣ ಅಳಿಸುವ ದ್ರವ ಇದೆಯಲ್ಲ, ಹಾಗೆ. ಅಂಗಿಗೆ ಹತ್ತಿದರೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

ಆ ವರ್ಷವೇ ತಿಪಟೂರು ಕಡೆಯಿಂದ ಒಂದು ಸಂಬಂಧ ಬಂತು. ಹುಡುಗಿಯ ತಂದೆ ಹೆಡ್‌ಮಾಸ್ಟರ್. ಹುಡುಗ ಇಂಗ್ಲಿಷ್‌ನಲ್ಲಿ ಒಂದು ಕಾಗದ ಬರೆಯಲಿ, ಕೆಲಸ ಏನು ಅಂತ ತಿಳಿಸಲಿ ಅಂದರು. ನಾನೂ ಹುಮ್ಮಸ್ಸಿನಲ್ಲಿ ಬರೆದೆ. ‘ಐ ಆಮ್ ಯೂಸಿಂಗ್ ಡೋಪ್ ಡೈಲಿ.’ ದಿನಾ ಡೋಪ್ ಬಳಸುತ್ತೇನೆ ಅಂತ. ವಿಮಾನ, ಬಟ್ಟೆ, ರೆಕ್ಕೆ, ಒಂದೂ ಬರೆಯಲಿಲ್ಲ. ಶೆಡ್‌ನಲ್ಲಿ ದಿನಾ ಆಡುವ ಮಾತು, ಎಲ್ಲರಿಗೂ ಗೊತ್ತಿರುತ್ತೆ ಅಂದುಕೊಂಡಿದ್ದೆ.

ಅವರು ಡಿಕ್ಷನರಿ ತೆಗೆದಿದ್ದಾರೆ. ಅಫೀಮು, ಅಮಲು ಪದಾರ್ಥ ಅಂತ ಇದೆ. ಕಾಗದಕ್ಕೆ ಉತ್ತರವೇ ಬರಲಿಲ್ಲ. ತಿಂಗಳಾದ ಮೇಲೆ ಮಧ್ಯಸ್ಥಿಕೆ ಮಾಡಿದವರು ನಮ್ಮಪ್ಪನಿಗೆ ಹೇಳಿದರು, ನಿಮ್ಮ ಹುಡುಗ ದಿನಾ ಅಮಲು ಹಾಕುತ್ತಾನಂತೆ, ಅವನೇ ಬರೆದುಕೊಟ್ಟಿದ್ದಾನೆ ಅಂತ. ಗೌರಿ ಹಬ್ಬಕ್ಕೆ ಊರಿಗೆ ಹೋದೆ. ಅಮ್ಮ ನನ್ನ ಅಂಗಿ ಎತ್ತಿ ಮೂಸಿ ನೋಡಿದರು. ಕಟುವಾದ ವಾಸನೆ. ಅಂಗಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲೇ ಕೂತುಬಿಟ್ಟರು. ಯಾಕಮ್ಮ ಅಂದರೆ ಮಾತಿಲ್ಲ. ಅಪ್ಪ ಎಂಟು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಏನೋ ಇದು, ಏನು ಬರೆದೆ ಅಂತ ಒಬ್ಬರಾದರೂ ಕೇಳಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಯಾರೂ ಕೇಳಲಿಲ್ಲ, ಪುಟ್ಟಿ.

ಕೊನೆಗೆ ಒಂದು ದಿನ ಅಪ್ಪ ಹೇಳದೆ ಕೇಳದೆ ಶೆಡ್‌ಗೆ ಬಂದರು. ನಾನು ಬ್ರಶ್ ಹಿಡಿದು ರೆಕ್ಕೆಯ ಪಕ್ಕ ನಿಂತಿದ್ದೆ. ಮೇಸ್ತ್ರಿ ಡಬ್ಬ ತೋರಿಸಿದರು. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಅದೇ ಹೆಸರು. ಅಪ್ಪ ಒಣಗಿದ ಬಟ್ಟೆಯನ್ನು ಬೆರಳಲ್ಲಿ ತಟ್ಟಿದರು, ಇನ್ನೊಂದು ಸಲ ತಟ್ಟಿದರು, ಊಟ ಆಯ್ತೇನೋ ಅಂತ ಕೇಳಿದರು. ಅಷ್ಟೇ. ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ನನ್ನ ಮೇಜಿನ ಮೇಲೆ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟು ಇಟ್ಟಿದ್ದರು. ಮೊದಲ ಪುಟದಲ್ಲಿ ನನ್ನ ಹೆಸರು, ಅವರ ಅಕ್ಷರದಲ್ಲಿ.

ಆ ನಿಘಂಟು ಈಗ ನನ್ನ ಹತ್ರ ಇಲ್ಲ. ಗೃಹಪ್ರವೇಶದ ಹೊತ್ತಿನಲ್ಲಿ, ಮಕ್ಕಳ ಪರೀಕ್ಷೆಗೆ ಬೇಕು, ಒಂದು ವಾರ ಇಟ್ಟುಕೊಳ್ಳುತ್ತೇವೆ ಅಂತ ಈ ಗುಂಪಿನಲ್ಲಿ ಇರುವವರೇ ತೆಗೆದುಕೊಂಡು ಹೋದರು. ಹೆಸರು ಹೇಳುವುದಿಲ್ಲ. ಪರೀಕ್ಷೆ ಬರೆದ ಮಕ್ಕಳಿಗೆ ಈಗ ಮಕ್ಕಳಾಗಿದ್ದಾವೆ. ನಾಲ್ಕು ಸಲ ಕೇಳಿದೆ. ಈಗೆಲ್ಲ ಮೊಬೈಲಲ್ಲೇ ಸಿಗುತ್ತೆ ಬಿಡಿ ಅಂತಾರೆ. ಅರ್ಥ ಮೊಬೈಲಲ್ಲಿ ಸಿಗಬಹುದು, ಅಪ್ಪನ ಅಕ್ಷರ ಸಿಗುತ್ತಾ? ನಮ್ಮಪ್ಪ ಕೈಯಾರೆ ಕೊಟ್ಟ ವಸ್ತು ಅಂತ ನನ್ನ ಹತ್ರ ಇದ್ದದ್ದೇ ಅದೊಂದು. ರಟ್ಟು ಕಿತ್ತಿದ್ದರೂ ಪರವಾಗಿಲ್ಲ, ತಂದುಕೊಡಿ.

ಎಲ್ಲಿದ್ದೆ? ಹಾಂ, ಡೋಪ್. ಆ ಪದ ಹುಟ್ಟಿದ್ದು ಡಚ್ಚರ ಭಾಷೆಯಲ್ಲಿ, ಅದ್ದಿಕೊಂಡು ತಿನ್ನುವ ಗೊಜ್ಜಿನಂಥದ್ದಕ್ಕೆ. ಅಮೆರಿಕಕ್ಕೆ ಹೋಗಿ ಯಾವುದೇ ಗಟ್ಟಿ ದ್ರವಕ್ಕೆ ಹೆಸರಾಯಿತು. ಸೇದುವ ಅಫೀಮಿನ ಪಾಕಕ್ಕೂ ಅದೇ. ಅಲ್ಲಿಂದ ಮಾದಕ ವಸ್ತು, ರೇಸ್ ಕುದುರೆಗೆ ಕೊಡುವ ಮದ್ದು, ಆಟಗಾರರ ಡೋಪಿಂಗ್. ಅದನ್ನು ತಡೆಯೋಕೆ ಅಂತಲೇ 1999ರಲ್ಲಿ ವಾಡಾ ಸಂಸ್ಥೆ ಶುರುವಾಯಿತು. ಇನ್ನು ನಿನ್ನ ಮಗ ಸೈನ್ಸ್ ತಾನೇ? ಅವನ ಎರಡನೇ ಪಿಯು ಫಿಸಿಕ್ಸ್ ಪುಸ್ತಕದಲ್ಲೂ ಡೋಪಿಂಗ್ ಇದೆ, ಸಿಲಿಕಾನ್‌ಗೆ ಬೋರಾನ್, ರಂಜಕ ಚೂರು ಬೆರೆಸುವುದಕ್ಕೆ ಹಾಗೆ ಹೇಳುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಹಿಪ್-ಹಾಪ್ ಹುಡುಗರು ‘ಸಖತ್ತಾಗಿದೆ’ ಅನ್ನೋದಕ್ಕೆ ಡೋಪ್ ಅಂತ ಹೇಳೋಕೆ ಶುರು ಮಾಡಿದರು. ಈಗಿನ ಮಕ್ಕಳ ಬಾಯಲ್ಲಿ ಇರುವುದು ಅದು. ನಮ್ಮಲ್ಲೂ ಇಲ್ವಾ? ಚಿಂದಿ ಅಂದರೆ ಹರಿದ ಬಟ್ಟೆ. ಹುಡುಗರು ‘ಹಾಡು ಚಿಂದಿ’ ಅಂದರೆ ಅದ್ಭುತ ಅಂತ. ನಿಮ್ಮ ಅಜ್ಜಿ ‘ಸಾರು ಭಯಂಕರ ಚೆನ್ನಾಗಿದೆ’ ಅನ್ನುತ್ತಿದ್ದರು, ಸಾರು ನೋಡಿ ಯಾರೂ ಹೆದರಿರಲಿಲ್ಲ.

ಮತ್ತೆ ಹೇಳುತ್ತೇನೆ, ಡಿಕ್ಷನರಿಯ ಒಂದು ಸಾಲು ನೋಡಿ ತೀರ್ಪು ಕೊಡಬೇಡ. ಮೊದಲು ಅವನನ್ನು ಕೇಳು.

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ. ನೀನು ಹಾಕಿದ ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ ನೋಡು. ಆ ಮಾತಿನ ಮೇಲೆ ಒಂದು ವಿಡಿಯೋ ಇದೆ, ಹುಡುಗನೊಬ್ಬ ಬೌಂಡರಿ ಹತ್ರ ಹಾರಿ ಕ್ಯಾಚ್ ಹಿಡಿಯುತ್ತಿದ್ದಾನೆ. ಅದನ್ನೇ ಡೋಪ್ ಅಂದಿದ್ದಾರೆ. ಹಾಡು, ಶೂ, ಕ್ಯಾಚ್ ಇಂಥದ್ದರ ಬಗ್ಗೆ ‘ಡೋಪ್ ಆಗಿದೆ’ ಅಂದರೆ ಹೊಗಳಿಕೆ. ‘ಡೋಪ್ ಇದೆಯಾ, ಎಷ್ಟು, ಎಲ್ಲಿ ಸಿಗುತ್ತೆ’ ಅಂತ ಇದ್ದರೆ ಅದು ವಸ್ತುವಿನ ಮಾತು, ಆಗ ಯೋಚನೆ ಮಾಡಬೇಕು. ನಿದ್ದೆ, ಊಟ, ದುಡ್ಡಿನ ಲೆಕ್ಕ ಏರುಪೇರಾಗಿದೆಯಾ ನೋಡು. ನಿಜವಾಗಿ ಅನುಮಾನ ಬಂದರೂ ಹೊಡೆಯೋದು ಬಡಿಯೋದು ಬೇಡ. ವ್ಯಸನ ಬಿಡಿಸೋಕೆ ಸರ್ಕಾರದ ಸಹಾಯವಾಣಿ ಇದೆ, 14446, ದುಡ್ಡು ಕೊಡಬೇಕಾಗಿಲ್ಲ. ಬರೆದಿಟ್ಟುಕೋ.

ಊಟಕ್ಕೆ ಕೂತಾಗ ‘ಡೋಪ್ ಅಂದರೆ ಏನೋ’ ಅಂತ ಸಮಾಧಾನವಾಗಿ ಕೇಳು. ಫೋನ್ ನೋಡಿದೆ ಅಂತಲೂ ನೀನೇ ಹೇಳಿಬಿಡು. ಆ ಸ್ಕ್ರೀನ್‌ಶಾಟ್ ಗುಂಪಿನಿಂದ ಈಗಲೇ ತೆಗೆ, ನಲವತ್ತು ಜನ ಇದ್ದೀವಿ ಇಲ್ಲಿ. ಅವನು ಏನಂದ ಅಂತ ನನಗೆ ಫೋನ್ ಮಾಡು. ಹತ್ತರವರೆಗೂ ಎದ್ದಿರುತ್ತೇನೆ.