ಪುಟ್ಟಿ, ಟೊಪ್ಪಿಗೆ ಬಿಸಿನೀರು ತೋರಿಸಬೇಡ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಇಲ್ಲಿ ಮೂಡಿಗೆರೆಯಲ್ಲಿ ಬೆಳಿಗ್ಗೆಯಿಂದ ಮಳೆ, ನೆಟ್‌ವರ್ಕ್ ಬಂದರೆ ಬಂತು. ಪಾಪುಗೆ ಉಲ್ಲನ್ ಟೊಪ್ಪಿ ಶುರು ಮಾಡಿ ಎರಡು ಸಲ ಬಿಚ್ಚಿದೆ, ಎಷ್ಟು ಸ್ಟಿಚ್ ಹಾಕಬೇಕೋ ಗೊತ್ತಾಗುತ್ತಿಲ್ಲ, ವರ್ಷದ ಹುಟ್ಟುಹಬ್ಬ ಹತ್ತಿರ ಬಂತು ಅಂತ ಬರೆದಿದ್ದೀಯಲ್ಲ. ಗಾಬರಿ ಬೇಡ. ಬಿಚ್ಚಿದರೆ ಉಲ್ಲನ್ ಏನೂ ಸವೆದು ಹೋಗಲ್ಲ. ಲೆಕ್ಕ ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಮಾತು. ಟೊಪ್ಪಿ ಮುಗಿದ ಮೇಲೆ ಅದಕ್ಕೆ ಬಿಸಿನೀರು ತೋರಿಸಬೇಡ.

ನಾನು ಮದುವೆಯಾಗಿ ಬಂದ ಮೊದಲ ಚಳಿಗಾಲ. ಕಾಫಿ ಕುಯ್ಲು ಜೋರು. ನಿಮ್ಮಜ್ಜ, ಅಂದರೆ ನನ್ನ ಮಾವ, ಬೆಳಗಿನ ಇಬ್ಬನಿಯಲ್ಲೇ ಕಣಕ್ಕೆ ಹೋಗುತ್ತಿದ್ದರು. ಮಳೆಗಾಲಕ್ಕಾದರೆ ಕಂಬಳಿ ಕೊಪ್ಪೆ ಇತ್ತು. ಚಳಿಗೆ ತಲೆ ಮೇಲೆ ಬರೀ ಒಂದು ಟವೆಲ್. ಹೊಸ ಸೊಸೆ ಅಲ್ವಾ, ಹುರುಪು. ಬೆಂಗಳೂರಿಂದ ಅಸಲಿ ಕುರಿ ಉಲ್ಲನ್ ತರಿಸಿ, ಹನ್ನೊಂದು ಸಂಜೆ ಕೂತು ಬೂದು ಬಣ್ಣದ ಟೊಪ್ಪಿ ಹೆಣೆದೆ. ಕಿವಿ ಮುಚ್ಚುವ ಹಾಗೆ, ಹೇಳಿ ಮಾಡಿಸಿದ ಹಾಗೆ ಕೂತಿತ್ತು. ಮಾವ ಬಾಯಿಬಿಟ್ಟು ಹೊಗಳುವವರಲ್ಲ, ಆದರೆ ಊಟಕ್ಕೆ ಕೂತಾಗಲೂ ತೆಗೆಯಲಿಲ್ಲ.

ತಿಂಗಳಲ್ಲಿ ಕೊಬ್ಬರಿ ಎಣ್ಣೆ ಜಿಡ್ಡು ಹಿಡಿಯಿತು. ಜಿಡ್ಡಿಗೆ ಬಿಸಿನೀರೇ ಸರಿ ಅಂದುಕೊಂಡು ಹಂಡೆಯಿಂದ ಕುದಿಯುವ ನೀರು ತೋಡಿ, ಬಾರ್ ಸೋಪು ಹಚ್ಚಿ, ಒಗೆಯುವ ಕಲ್ಲಿನ ಮೇಲೆ ಚೆನ್ನಾಗಿ ತಿಕ್ಕಿದೆ. ತಿಕ್ಕುತ್ತಾ ತಿಕ್ಕುತ್ತಾ ಕೈಯಲ್ಲೇ ಚಿಕ್ಕದಾಗುತ್ತಾ ಬಂತು. ಸ್ಟಿಚ್ಚೇ ಕಾಣದಷ್ಟು ದಪ್ಪ, ಒರಟು. ಎಳೆದೆ, ಒದ್ದೆಯಲ್ಲೇ ಜಗ್ಗಿದೆ. ಊಹೂಂ. ಕುರಿ ಕೂದಲಿಗೆ ಮೀನಿನ ಹಾಗೆ ಸಣ್ಣ ಸಣ್ಣ ಹುರುಪೆ ಇರುತ್ತದಂತೆ. ಬಿಸಿ, ಸೋಪು, ತಿಕ್ಕೋದು ಮೂರೂ ಸೇರಿದರೆ ಎಳೆಗೆ ಎಳೆ ಸಿಕ್ಕಿಕೊಂಡು ಬಿಡುತ್ತದೆ, ಆಮೇಲೆ ಬ್ರಹ್ಮ ಬಂದರೂ ಬಿಡಿಸೋಕಾಗಲ್ಲ. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಏನೂ ಅನ್ನಲಿಲ್ಲ. ಅಡುಗೆಮನೆಗೆ ಹೋಗಿ ಹಿತ್ತಾಳೆ ಚೊಂಬಿಗೆ ಹಾಕಿದರು. ಸರಿಯಾಗಿ ಕೂತಿತು!

ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಬಿಸಿನೀರು ತೋರಿಸಬೇಡ. ತಣ್ಣೀರು, ಒಂದು ಚೂರು ಶಾಂಪೂ, ಅದ್ದಿ ಒತ್ತಿ ತೆಗಿ. ಹಿಂಡಬೇಡ. ಟವೆಲ್ ಮೇಲೆ ಹರಡಿ ನೆರಳಲ್ಲಿ ಒಣಗಿಸು.

ಮಾವ ಅವತ್ತೇ ಮರೆತರು. ಮರೆಯದವರು ನಿಮ್ಮ ಅತ್ತೆ. ಇವತ್ತಿಗೂ ಯಾವ ಮದುವೆಗೆ ಹೋದರೂ "ಇವಳೇ ಟೊಪ್ಪಿ ಬೇಯಿಸಿದವಳು" ಅಂತಲೇ ನನ್ನ ಪರಿಚಯ ಮಾಡಿಸೋದು. ಆಮೇಲೆ ಹೆಣೆದ ಹದಿನಾಲ್ಕು ಟೊಪ್ಪಿ ಯಾರ ಬಾಯಲ್ಲೂ ಇಲ್ಲ. ನಿನ್ನ ಅಮ್ಮನಿಗೂ ಒಂದು ಕೊಟ್ಟಿದ್ದೆ, ಕೆಂಪು. ಕಳೆದ ಸಲ ಬಂದಾಗ ನೋಡುತ್ತೇನೆ, ಅದರಲ್ಲಿ ಮೊಟ್ಟೆ ಇಟ್ಟಿದ್ದಾಳೆ. ಒಡೆಯಲ್ಲ ಅಕ್ಕ ಅಂತಾಳೆ! ಇರಲಿ, ಅವಳಿಗೆ ಇದನ್ನು ಹೇಳಬೇಡ. ಅಯ್ಯೋ, ಗ್ರೂಪಲ್ಲೇ ಹೇಳುತ್ತಿದ್ದೇನಲ್ಲ.

ಹಾಂ, ನೀನು ಕೇಳಿದ್ದು ಸ್ಟಿಚ್ ಲೆಕ್ಕ. ಟೇಪು ತಗೊಂಡು ಹುಬ್ಬಿನ ಮೇಲಿಂದ ಪಾಪು ತಲೆ ಸುತ್ತಳತೆ ನೋಡು. ವರ್ಷದ ಮಗುವಿಗೆ 46 ಸೆಂಟಿಮೀಟರ್ ಆಸುಪಾಸು ಇರುತ್ತದೆ. ಉಲ್ಲನ್ ಹಿಗ್ಗುತ್ತದೆ, ಅದಕ್ಕೆ 4 ಕಳಿ. 42. ಅದೇ ಕಡ್ಡಿಯಲ್ಲಿ ಅದೇ ಉಲ್ಲನ್‌ನಲ್ಲಿ ಅಂಗೈಗಿಂತ ಸ್ವಲ್ಪ ಅಗಲದ ತುಂಡು ಹೆಣೆದು, 10 ಸೆಂಟಿಮೀಟರ್‌ಗೆ ಎಷ್ಟು ಸ್ಟಿಚ್ ಬರುತ್ತದೆ ಎಣಿಸು. ನೀನು ಎರಡು ಸಲ ಬಿಚ್ಚಿದ್ದು ಇದನ್ನು ಮಾಡದೆ ಸುಮ್ನೆ ಶುರು ಮಾಡಿದ್ದಕ್ಕೇ. 20 ಬಂದರೆ 42ಕ್ಕೆ 84 ಆಯಿತು. ಆದರೆ ನೀನು 80 ಹಾಕು, ಎಂಟರಿಂದ ಭಾಗ ಹೋಗಬೇಕು. ಅಂಚಿಗೆ ಎರಡು ಸೀದಾ, ಎರಡು ಉಲ್ಟಾ. ಆಮೇಲೆ ಬರೀ ಸೀದಾ. ಒಟ್ಟು 11 ಸೆಂಟಿಮೀಟರ್ ಎತ್ತರ ಆದಮೇಲೆ ಸುತ್ತನ್ನು ಎಂಟು ಪಾಲು ಮಾಡಿ, ಒಂದು ಸುತ್ತು ಬಿಟ್ಟು ಒಂದು ಸುತ್ತು, ಪ್ರತಿ ಪಾಲಿನ ಕೊನೆಗೆ ಎರಡನ್ನು ಸೇರಿಸಿ ಒಂದು ಮಾಡು. ಎಂಟು ಉಳಿದಾಗ ದಾರ ಪೋಣಿಸಿ ಎಳೆದು ಬಿಗಿ. ಅಂಚು ಮಡಚಬೇಕು ಅಂದರೆ 4 ಸೆಂಟಿಮೀಟರ್ ಜಾಸ್ತಿ ಹೆಣೆ. ಕಟ್ಟುವ ದಾರ ಮಾತ್ರ ಇಡಬೇಡ, ಪಾಪು ಕುತ್ತಿಗೆಗೆ ಸುತ್ತಿಕೊಂಡೀತು.

ತುಂಡು ಎಣಿಸಿ ಎಷ್ಟು ಬಂತು ಅಂತ ಇಲ್ಲೇ ಹಾಕು. ನಿಮ್ಮ ಅತ್ತೆಯೂ ನೋಡಲಿ.